ಕಣ್ಣ ಕೆಳಗಿನ ಗುಳಿ ತುಂಬಲು ಫಿಲ್ಲರ್: ಸೂಜಿಯೋ ಕ್ಯಾನ್ಯುಲಾವೋ ಎಂದು ಕೇಳುವ ಮೊದಲು

ಫಿಲ್ಲರ್, ಅಂದರೆ ಚರ್ಮದಡಿಗೆ ಚುಚ್ಚಿ ತಗ್ಗು ತುಂಬುವ ಜೆಲ್, ಹಾಕಲು ಕಲಿಯುವ ವೈದ್ಯರು ಮೊದಲು ಕೇಳುವುದು ಬಹುತೇಕ ಒಂದೇ ಪ್ರಶ್ನೆ: ಕಣ್ಣ ಕೆಳಗೆ ಸೂಜಿ ಒಳ್ಳೆಯದೋ, ಕ್ಯಾನ್ಯುಲಾ (ಮೊಂಡುತುದಿಯ ತೆಳು ಕೊಳವೆ) ಒಳ್ಳೆಯದೋ? ಸರದಿಯಲ್ಲಿ ಅದು ಮೂರನೆಯದು. ಅದಕ್ಕಿಂತ ಮುಂಚೆ, ಎದುರಿಗಿರುವುದು ಗುಳಿಯೇ ಹೌದೋ ಅಲ್ಲವೋ ತಿಳಿಯಬೇಕು. ಗುಳಿ ಹೌದಾದರೆ ಜೆಲ್ ಯಾವ ಪದರದಲ್ಲಿ ಕೂರಬೇಕು ಎಂದು ನಿಶ್ಚಯಿಸಬೇಕು. ಇವೆರಡು ಗಟ್ಟಿಯಾದರೆ ಟ್ರೇಯಿಂದ ಯಾವುದನ್ನು ಎತ್ತಿಕೊಳ್ಳಬೇಕು ಎಂಬುದರಲ್ಲಿ ಅಂಥ ಗೊಂದಲ ಉಳಿಯುವುದಿಲ್ಲ.

ಇಲ್ಲಿ ಬರೆದಿರುವುದು ಮುಖದ ಅಂಗರಚನೆ ಓದಿರುವ, ಬೇರೆ ಜಾಗಗಳಲ್ಲಿ ಫಿಲ್ಲರ್ ಹಾಕಿ ಕೈ ಪಳಗಿರುವ ವೈದ್ಯರಿಗೆ. ಮಾಡಿಸಿಕೊಳ್ಳುವವರು ಓದಿದರೂ ನಷ್ಟವಿಲ್ಲ, ಕುರ್ಚಿಯಲ್ಲಿ ಕೂತಾಗ ಏನು ಕೇಳಬೇಕೆಂದು ಗೊತ್ತಾಗುತ್ತದೆ. ಕೆನ್ನೆ, ತುಟಿಗಳಲ್ಲಿ ಒಂದು ವರ್ಷವಾದರೂ ಕೆಲಸ ಮಾಡದೆ ಈ ಜಾಗಕ್ಕೆ ಕೈ ಹಾಕಬಾರದು ಎಂಬುದು ನಮ್ಮ ಅಭಿಪ್ರಾಯ. ಬ್ಯೂಟಿ ಪಾರ್ಲರಿನ ಮಾತಂತೂ ಬೇಡವೇ ಬೇಡ. ಅಪರೂಪಕ್ಕಾದರೂ ದೃಷ್ಟಿಯನ್ನೇ ಕಳೆಯಬಲ್ಲ ಚುಚ್ಚುಮದ್ದು ಇದು.

ನೆರಳೋ, ಬಣ್ಣವೋ, ಊತವೋ

ಬರುವವರು ಹೇಳುವುದು 'ಡಾರ್ಕ್ ಸರ್ಕಲ್' ಅಂತ. 'ಎಷ್ಟು ನಿದ್ದೆ ಮಾಡಿದ್ರೂ ಸುಸ್ತಾದ ಹಾಗೇ ಕಾಣ್ತೀನಿ ಡಾಕ್ಟ್ರೇ' ಅಂತ. ಆ ಕಪ್ಪಿಗೆ ಕಾರಣ ಚರ್ಮದಲ್ಲಿರುವ ಮೆಲನಿನ್ ಆಗಿರಬಹುದು. ತೆಳು ಚರ್ಮದಡಿಯ ಸ್ನಾಯು ಮತ್ತು ರಕ್ತನಾಳಗಳು ನೀಲಿ-ನೇರಳೆಯಾಗಿ ಕಾಣುತ್ತಿರಬಹುದು. ಇಲ್ಲವೇ ಗುಳಿಯೊಳಗೆ ಬಿದ್ದ ನೆರಳಿರಬಹುದು. ನಮ್ಮ ಕಡೆಯ ಮೈಬಣ್ಣದಲ್ಲಿ ಮೊದಲನೆಯದು ಬಹಳ ಸಾಮಾನ್ಯ, ಹೆಚ್ಚಿನವರಲ್ಲಿ ಎರಡು ಮೂರು ಬೆರೆತೇ ಇರುತ್ತವೆ. ಫಿಲ್ಲರ್‌ನಿಂದ ಹೋಗುವುದು ನೆರಳು ಮಾತ್ರ. ಬಣ್ಣ ಹಾಗೇ ಉಳಿಯುತ್ತದೆ, ನೀಲಿ ಛಾಯೆಯಂತೂ ತಪ್ಪು ಪದರದಲ್ಲಿ ಹಾಕಿದರೆ ಇನ್ನಷ್ಟು ಎದ್ದು ಕಾಣುತ್ತದೆ.

ಬೇರ್ಪಡಿಸಿ ನೋಡಲು ಮೊಬೈಲ್ ಟಾರ್ಚ್ ಸಾಕು. ರೋಗಿಯನ್ನು ನೆಟ್ಟಗೆ ಕೂರಿಸಿ. ಮಲಗಿಸಿದರೆ ಗುಳಿಯೂ ಬದಲಾಗುತ್ತದೆ, ಕೊಬ್ಬಿನ ಚೀಲವೂ ಒಳಕ್ಕೆ ಸರಿಯುತ್ತದೆ. ಮೊದಲು ತಲೆಯ ಮೇಲಿನ ಬೆಳಕಿನಲ್ಲಿ ನೋಡಿ, ಆಮೇಲೆ ಟಾರ್ಚನ್ನು ಕಣ್ಣಿನ ಮಟ್ಟಕ್ಕೆ ತಂದು ಎದುರಿನಿಂದ ಹಿಡಿಯಿರಿ. ಮಾಯವಾದಷ್ಟು ಭಾಗ ನೆರಳು, ಉಳಿದದ್ದು ಬಣ್ಣ. ಕೆಳರೆಪ್ಪೆಯ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಪಕ್ಕಕ್ಕೆ ಎಳೆದಾಗ ಕಪ್ಪು ಹಾಗೇ ಉಳಿದರೆ ಮೆಲನಿನ್, ನೀಲಿ ಗಾಢವಾದರೆ ರಕ್ತನಾಳ. ಈ ಎರಡು ನಿಮಿಷದ ಪರೀಕ್ಷೆಯನ್ನು ರೋಗಿಯ ಕೈಗೆ ಕನ್ನಡಿ ಕೊಟ್ಟೇ ಮಾಡಿ. ಯಾವುದು ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂದು ಅವರೇ ಕಂಡರೆ ನಾಲ್ಕು ವಾರದ ನಂತರದ ಜಗಳ ತಪ್ಪುತ್ತದೆ.

ಇನ್ನು ಕೊಬ್ಬಿನ ಚೀಲ. ತಲೆ ಆಡಿಸದೆ ಮೇಲಕ್ಕೆ ನೋಡಲು ಹೇಳಿ. ರೆಪ್ಪೆಯಡಿಯ ಉಬ್ಬು ಎದ್ದು ಬಂದರೆ ಅದು ಕಣ್ಣುಗೂಡಿನ ಕೊಬ್ಬು, ಅದರ ಕೆಳಗಿನ ಗುಳಿ ಅರ್ಧಕ್ಕರ್ಧ ಆ ಉಬ್ಬಿನದೇ ಸೃಷ್ಟಿ. ಸಣ್ಣ ಚೀಲವಾದರೆ ಫಿಲ್ಲರ್‌ನಿಂದ ಮರೆಮಾಡಬಹುದು. ದೊಡ್ಡದಿದ್ದರೆ ಬ್ಲೆಫರೋಪ್ಲಾಸ್ಟಿ (ರೆಪ್ಪೆಯ ಶಸ್ತ್ರಚಿಕಿತ್ಸೆ) ಮಾಡುವವರ ಹತ್ತಿರ ಕಳಿಸಿ, ಗುಡ್ಡದ ಪಕ್ಕ ಇನ್ನೊಂದು ಗುಡ್ಡ ಕಟ್ಟಬೇಡಿ. ಕೆಳರೆಪ್ಪೆಯನ್ನು ಚಿವುಟಿ ಎಳೆದು ಬಿಟ್ಟಾಗ ಕಣ್ಣು ಮಿಟುಕಿಸದೆಯೇ ತಟ್ಟನೆ ತನ್ನ ಜಾಗಕ್ಕೆ ಮರಳಬೇಕು. ನಿಧಾನಿಸಿದರೆ ರೆಪ್ಪೆ ಸಡಿಲವಾಗಿದೆ ಎಂದರ್ಥ.

ಹೆಚ್ಚು ತೊಂದರೆ ಕೊಡುವುದು ಊತದ ಇತಿಹಾಸ. 'ಬೆಳಗ್ಗೆ ಎದ್ದಾಗ ಕಣ್ಣ ಕೆಳಗೆ ಉಬ್ಬಿರುತ್ತಾ? ರಾತ್ರಿ ಉಪ್ಪಿನಕಾಯಿ, ಹಪ್ಪಳ ಜಾಸ್ತಿ ಆದ ಮರುದಿನ?' ಎಂದು ಬಿಡಿಸಿ ಕೇಳಿ. ಹೌದೆಂದರೆ ಅವರ ಕೆನ್ನೆಯ ಮೇಲ್ಭಾಗದ ದುಗ್ಧನಾಳಗಳ (ಲಿಂಫ್ ನಾಳಗಳ) ಹರಿವು ಈಗಾಗಲೇ ಮಂದವಾಗಿದೆ. ಅಲ್ಲಿ ನೀರು ಹೀರುವ ಜೆಲ್ ಇಟ್ಟರೆ ತಿಂಗಳುಗಟ್ಟಲೆ ಇಳಿಯದ ಊತ ಬರುತ್ತದೆ. ಥೈರಾಯ್ಡ್, ಮೂತ್ರಪಿಂಡ, ಮೂಗಿನ ಅಲರ್ಜಿಗಳನ್ನೂ ವಿಚಾರಿಸಿ. ಇಂಥವರಿಗೆ 'ಬೇಡ' ಅನ್ನುವುದೂ ಒಂದು ತಂತ್ರವೇ, ಬಹುಶಃ ಎಲ್ಲಕ್ಕಿಂತ ಕಡಿಮೆ ಬಳಕೆಯಾಗುವ ತಂತ್ರ.

ಕೊನೆಯದಾಗಿ ಪಕ್ಕದಿಂದ ನೋಡಿ. ಕಣ್ಣುಗುಡ್ಡೆಯ ಮುಂತುದಿ ಕೆನ್ನೆಗಿಂತ ಮುಂದೆ ಚಾಚಿದ್ದರೆ ಕೆಳಗೆ ಎಲುಬಿನ ಆಸರೆ ಕಡಿಮೆ. ಅಂಥ ಮುಖದಲ್ಲಿ ಗುಳಿಯನ್ನೇ ನೇರವಾಗಿ ತುಂಬಲು ಹೋದರೆ ಉಬ್ಬಿದ ಕಣ್ಣು ಇನ್ನೂ ಉಬ್ಬಿದಂತೆ ಕಾಣುತ್ತದೆ. ಅಲ್ಲಿ ಕೆಲಸ ಕೆನ್ನೆಯಿಂದ ಶುರುವಾಗಬೇಕು.

ಚರ್ಮದಿಂದ ಎಲುಬಿನವರೆಗೆ

ಈ ಜಾಗದ ಚರ್ಮ ಅರ್ಧ ಮಿಲಿಮೀಟರ್ ಆಸುಪಾಸು. ಅದರಡಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ, ನೇರ ಕಣ್ಣು ಮುಚ್ಚುವ ಉಂಗುರಸ್ನಾಯು, ಆರ್ಬಿಕ್ಯುಲಾರಿಸ್. ಮೂಗಿನ ಕಡೆ ಈ ಸ್ನಾಯು ಎಲುಬಿಗೇ ಅಂಟಿಕೊಂಡಿದೆ, ನಡುವೆ ಮೇಲುದವಡೆಯ ಎಲುಬಿನಿಂದ ಚರ್ಮದವರೆಗೆ ಗಟ್ಟಿ ಅಸ್ಥಿಬಂಧವೊಂದು ಹಾದು ಬರುತ್ತದೆ. ಮೇಲಿನಿಂದ ಕಾಣುವ ಗುಳಿಯ ಗೆರೆ ಎಂದರೆ ಆ ಬಂಧ ಚರ್ಮವನ್ನು ಒಳಗೆ ಹಿಡಿದಿರುವ ಜಾಗ. ಹಾಸಿಗೆಗೆ ಹೊಲಿಗೆ ಹಾಕಿದಲ್ಲಿ ತಗ್ಗು ಬೀಳುವುದಿಲ್ಲವೇ, ಹಾಗೆ. ಕಿವಿಯ ಕಡೆಗೆ ಸರಿದಂತೆ ಬಂಧ ಸಡಿಲವಾಗಿ, ಸ್ನಾಯುವಿನಡಿ ಕೊಬ್ಬಿನ ಒಂದು ಪದರ ಸಿಗುತ್ತದೆ. ಆದ್ದರಿಂದ ಹೊರಭಾಗದಲ್ಲಿ ಸ್ನಾಯುವಿನಡಿಗೆ ಜೆಲ್ ಇಡುವುದು ಸುಲಭ, ಒಳಭಾಗದಲ್ಲಿ ಜಾಗವೇ ಇಕ್ಕಟ್ಟು.

ಜೆಲ್ ಕೂರಬೇಕಾದದ್ದು ಸ್ನಾಯುವಿನ ಕೆಳಗೆ, ಎಲುಬಿನ ಪೊರೆಯ ಮೇಲೆ, ಕಣ್ಣುಗೂಡಿನ ಅಂಚಿನಿಂದ ಒಂದೆರಡು ಮಿಲಿಮೀಟರ್ ಕೆಳಗೆ. ಅಂಚಿನಿಂದ ಮೇಲಕ್ಕೆ ಹೋದರೆ ಸೆಪ್ಟಮ್ ಎಂಬ ತೆಳು ಪರದೆ, ಅದರಾಚೆ ಕಣ್ಣುಗೂಡು. ಅಲ್ಲಿ ಜೆಲ್ ಸೇರಿದರೆ ಕೊಬ್ಬಿನ ಚೀಲ ದೊಡ್ಡದಾದಂತೆ ಕಾಣುತ್ತದೆ.

ತಪ್ಪಿಸಬೇಕಾದ ಜಾಗಗಳು ಮೂರು. ಕಣ್ಣಪಾಪೆಯ ನೇರಕ್ಕೆ, ಅಥವಾ ಅದಕ್ಕಿಂತ ತುಸು ಮೂಗಿನ ಕಡೆಗೆ, ಅಂಚಿನಿಂದ 8–10 ಮಿ.ಮೀ. ಕೆಳಗೆ ಇನ್‌ಫ್ರಾಆರ್ಬಿಟಲ್ ರಂಧ್ರ. ಅಲ್ಲಿಂದ ನರ, ಧಮನಿ ಎರಡೂ ಹೊರಬರುತ್ತವೆ. ಬೆರಳ ತುದಿಯಿಂದ ಒತ್ತಿದರೆ ಸಣ್ಣ ತಗ್ಗು ಸಿಗುತ್ತದೆ, ರೋಗಿ ತುಸು ಮುಖ ಕಿವಿಚುತ್ತಾರೆ. ಅಲ್ಲೊಂದು ಚುಕ್ಕೆ ಇಡಿ. ಮೂಗಿನ ಬದಿಯ ಆಂಗ್ಯುಲರ್ ಧಮನಿ ಮತ್ತು ಸಿರೆ ಎರಡನೆಯದು. ಈ ಧಮನಿ ಮೂಗಿನ ಮೇಲ್ಭಾಗದ ಕವಲಿನ ಮೂಲಕ ಕಣ್ಣಿನ ಆಫ್ತಾಲ್ಮಿಕ್ ಧಮನಿಗೆ ಕೂಡಿಕೊಂಡಿದೆ. ಒತ್ತಡಕ್ಕೆ ಜೆಲ್ ಹಿಂದಕ್ಕೆ ಓಡಿ, ಒತ್ತಡ ಬಿಟ್ಟೊಡನೆ ರಕ್ತದ ಜತೆ ಮುಂದೆ ಹರಿದು ರೆಟಿನಾದ ಧಮನಿಯನ್ನು ಮುಚ್ಚಿದಾಗಲೇ ಕುರುಡು ಬರುವುದು. ಮೂರನೆಯದು ಹೊರಗಡೆ, ಕೆನ್ನೆಯೆಲುಬಿನಿಂದ ಬರುವ ಸಣ್ಣ ಝೈಗೋಮ್ಯಾಟಿಕೋಫೇಶಿಯಲ್ ನಾಳ. ಅಪಾಯ ಅಷ್ಟಿಲ್ಲದಿದ್ದರೂ ಚುಚ್ಚಿದರೆ ಒಳ್ಳೆಯ ನೀಲಿಗಟ್ಟು ಬರುತ್ತದೆ.

ಯಾವ ಜೆಲ್

ಹೈಯಲುರಾನಿಕ್ ಆಸಿಡ್ ಬಿಟ್ಟು ಬೇರೆ ಬೇಡ. ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್, ಪಾಲಿಲ್ಯಾಕ್ಟಿಕ್ ಆಸಿಡ್, ಶಾಶ್ವತ ಫಿಲ್ಲರ್‌ಗಳು ಇಷ್ಟು ತೆಳು ಚರ್ಮದಡಿ ಗಂಟು ಕಟ್ಟಿದರೆ ಕರಗಿಸುವ ಸುಲಭ ದಾರಿಯಿಲ್ಲ. ಹೈಯಲುರಾನಿಕ್ ಜೆಲ್‌ಗಳಲ್ಲೂ ಮೃದುವಾಗಿ ಹರಡುವ, ನೀರು ಕಡಿಮೆ ಹೀರುವುದನ್ನೇ ಆರಿಸಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಜಾಗಕ್ಕೆಂದೇ ಮೊದಲು ಒಪ್ಪಿಗೆ ಕೊಟ್ಟದ್ದು 2022ರಲ್ಲಿ, ಜುವೆಡರ್ಮ್ ವಾಲ್‌ಬೆಲ್ಲಾಗೆ. ಮರುವರ್ಷ ರೆಸ್ಟಿಲೇನ್ ಐಲೈಟ್ ಬಂತು. ವಾಲ್‌ಬೆಲ್ಲಾ, ಟಿಯೊಸಿಯಾಲ್ ರೆಡೆನ್ಸಿಟಿ 2 ಎರಡರಲ್ಲೂ ಮಿ.ಲೀ.ಗೆ 15 ಮಿ.ಗ್ರಾಂ., ಐಲೈಟ್‌ನಲ್ಲಿ 20 ಮಿ.ಗ್ರಾಂ. ಹೈಯಲುರಾನಿಕ್ ಆಸಿಡ್ ಇದೆ. ಕೆನ್ನೆ ಎತ್ತಲು ಬಳಸಿ ಮಿಕ್ಕ ಗಟ್ಟಿ ಜೆಲ್‌ನ 0.3 ಮಿ.ಲೀ.ಯನ್ನು 'ವೇಸ್ಟ್ ಆಗುತ್ತಲ್ಲ' ಎಂದು ಕಣ್ಣ ಕೆಳಗೆ ಹಾಕುವ ಉಳಿತಾಯ ಬುದ್ಧಿ ಬೇಡ.

ಮೂರು ದಾರಿ, ಯಾರಿಗೆ ಯಾವುದು

ಕೆನ್ನೆಯಿಂದ ಶುರು ಮಾಡುವುದು. ಗುಳಿ ಕಣ್ಣಪಾಪೆಯ ಗೆರೆ ದಾಟಿ ಹೊರಕ್ಕೂ ಚಾಚಿದ್ದರೆ, ಕೆನ್ನೆಯ ಮೇಲ್ಭಾಗ ಚಪ್ಪಟೆಯಾಗಿದ್ದರೆ, ಪಕ್ಕದ ನೋಟದಲ್ಲಿ ಕಣ್ಣು ಮುಂದಿದ್ದರೆ ಇದೇ ಮೊದಲ ಹೆಜ್ಜೆ. ಕಣ್ಣಿನ ಹೊರಮೂಲೆಯ ನೇರಕ್ಕೆ ಕೆನ್ನೆಯೆಲುಬಿನ ಮೇಲೆ ಒಂದು, ಕೆನ್ನೆಯ ಮಧ್ಯದ ಆಳದ ಕೊಬ್ಬಿನಲ್ಲಿ ಒಂದು, ಹೀಗೆ ತಲಾ 0.1–0.2 ಮಿ.ಲೀ. ರಂಧ್ರಕ್ಕೆ ಗುರುತಿಟ್ಟ ಚುಕ್ಕೆಯಿಂದ ದೂರವಿರಿ. ಐದು ನಿಮಿಷ ಕಾದು, ಕೂರಿಸಿ ನೋಡಿ. ಎಷ್ಟೋ ಸಲ ಗುಳಿ ಅಲ್ಲಿಗೇ ಅರ್ಧ ಮುಚ್ಚಿರುತ್ತದೆ. ಉಳಿದರ್ಧವನ್ನು ಅದೇ ದಿನ ತುಂಬಲೇಬೇಕೆಂದಿಲ್ಲ, ಎರಡು ವಾರ ಬಿಟ್ಟು ಕರೆಯಿರಿ.

ಸೂಜಿ. ಗುಳಿ ಚಿಕ್ಕದಾಗಿ, ಮೂಗಿನ ಕಡೆಯ ಮೂರನೇ ಒಂದು ಭಾಗಕ್ಕೆ ಸೀಮಿತವಾಗಿದ್ದು, ಚರ್ಮ ಗಟ್ಟಿಯಾಗಿದ್ದರೆ ಸೂಜಿಯಷ್ಟು ನಿಖರ ಉಪಕರಣ ಬೇರೆ ಇಲ್ಲ. ಅಸ್ಥಿಬಂಧ ಬಲವಾಗಿರುವ ಇಕ್ಕಟ್ಟಿನ ಜಾಗಕ್ಕೆ ಮೊಂಡುತುದಿಯ ಕ್ಯಾನ್ಯುಲಾ ಸುಲಭವಾಗಿ ಹೋಗುವುದಿಲ್ಲ, ನೂಕಿದರೆ ಮೇಲಿನ ಪದರಕ್ಕೆ ಜಾರುತ್ತದೆ. 30 ಗೇಜ್ (ಸಂಖ್ಯೆ ಹೆಚ್ಚಿದಷ್ಟೂ ಸೂಜಿ ತೆಳು), 13 ಮಿ.ಮೀ. ಸೂಜಿಯನ್ನು ಚರ್ಮಕ್ಕೆ ಲಂಬವಾಗಿ ಇಳಿಸಿ ಎಲುಬು ತಾಗಿಸಿ. ಅಲ್ಲೇ ನಿಂತು ಪಿಸ್ಟನ್ ಹಿಂದೆಳೆದು 5–10 ಸೆಕೆಂಡ್ ನೋಡಿ. ರಕ್ತ ಬಂದರೆ ಹೊರತೆಗೆದು ಒತ್ತಿ ಹಿಡಿಯಿರಿ. ಬರದಿದ್ದರೆ ಸುರಕ್ಷಿತ ಎಂದು ತಿಳಿಯಬೇಡಿ, ಸಣ್ಣ ಸೂಜಿಯಲ್ಲಿ ದಪ್ಪ ಜೆಲ್ ತುಂಬಿರುವಾಗ ರಕ್ತ ಹಿಂದಕ್ಕೆ ಬರದೆಯೂ ತುದಿ ನಾಳದೊಳಗಿರಬಹುದು. ನಿಜವಾದ ರಕ್ಷಣೆ ಇರುವುದು ಪ್ರಮಾಣದಲ್ಲಿ ಮತ್ತು ನಿಧಾನದಲ್ಲಿ: ಒಂದು ಬಿಂದುವಿಗೆ 0.02–0.05 ಮಿ.ಲೀ., ಹೊರಗಿನಿಂದ ಒಳಕ್ಕೆ ಮೂರು ಅಥವಾ ನಾಲ್ಕು ಬಿಂದು, ಕಣ್ಣಿನ ಒಳಮೂಲೆಗೆ ಹತ್ತಿರದ್ದು ಕೊನೆಗೆ, ಅದೂ ಎಲ್ಲಕ್ಕಿಂತ ಕಡಿಮೆ.

ಸೂಜಿಯ ಇನ್ನೊಂದು ದೋಷ ಹೊರಗೆ ಕಾಣುವುದಿಲ್ಲ. ಎಲುಬಿನ ಮೇಲೇ ತುದಿಯಿಟ್ಟು ಹಾಕಿದರೂ ಜೆಲ್ ಸೂಜಿ ಬಂದ ದಾರಿಯಲ್ಲೇ ಮೇಲಕ್ಕೆ ಸೋರಿ ಚರ್ಮದಡಿಗೆ ಬರುತ್ತದೆ. ಶವಗಳ ಮೇಲಿನ ಅಧ್ಯಯನಗಳಲ್ಲಿ ಇದು ಕಂಡುಬಂದಿದೆ. ಹಾಗಾಗಿ ಜೆಲ್ ಬಿಟ್ಟ ಮೇಲೆ ಮೂರ್ನಾಲ್ಕು ಸೆಕೆಂಡ್ ಸೂಜಿಯನ್ನು ಅಲ್ಲಾಡಿಸದೆ ಹಿಡಿದು, ಪಿಸ್ಟನ್ ಮೇಲಿನ ಹೆಬ್ಬೆರಳನ್ನು ಪೂರ್ತಿ ಎತ್ತಿ, ಆಮೇಲೆ ಹೊರತೆಗೆಯಿರಿ.

ಕ್ಯಾನ್ಯುಲಾ. ಗುಳಿ ಉದ್ದವಾಗಿದ್ದರೆ, ಹೊರಗಿನವರೆಗೂ ಇದ್ದರೆ, ನೀಲಿಗಟ್ಟಿದರೆ ತೊಂದರೆಯಾಗುವವರಾದರೆ, ನೀವೂ ಹೊಸಬರಾದರೆ, ಇದನ್ನೇ ಹಿಡಿಯಿರಿ. 2021ರಲ್ಲಿ ಜಾಮಾ ಡರ್ಮಟಾಲಜಿ ಪತ್ರಿಕೆಯಲ್ಲಿ ಬಂದ ಅಮೆರಿಕದ ಅಧ್ಯಯನವೊಂದು 370 ಚರ್ಮವೈದ್ಯರ ಅನುಭವ ಕೂಡಿಸಿ ನೋಡಿತು: ಸೂಜಿಯಲ್ಲಿ ಸುಮಾರು 6,410 ಸಿರಿಂಜಿಗೊಮ್ಮೆ ರಕ್ತನಾಳ ಮುಚ್ಚಿದ್ದರೆ, ಕ್ಯಾನ್ಯುಲಾದಲ್ಲಿ ಸುಮಾರು 40,882ಕ್ಕೊಮ್ಮೆ. ಇದು ಮುಖದ ಎಲ್ಲ ಭಾಗಗಳ ಲೆಕ್ಕ, ಕಣ್ಣ ಕೆಳಗಿನದಷ್ಟೇ ಅಲ್ಲ. ಆದರೂ ವ್ಯತ್ಯಾಸ ಸಣ್ಣದಲ್ಲ.

ಆದರೆ ಕ್ಯಾನ್ಯುಲಾ ಅಂದಮಾತ್ರಕ್ಕೆ ಎಲ್ಲವೂ ಸುರಕ್ಷಿತವಲ್ಲ. 27 ಗೇಜಿನದು ಧಮನಿಯ ಗೋಡೆಯನ್ನು ತೂರಲು ಅದೇ ಗೇಜಿನ ಸೂಜಿಗೆ ಬೇಕಾದಷ್ಟೇ ಬಲ ಸಾಕು. 25 ಅಥವಾ ಅದಕ್ಕಿಂತ ದಪ್ಪದ್ದು ಮಾತ್ರ ನಾಳವನ್ನು ಪಕ್ಕಕ್ಕೆ ಸರಿಸುತ್ತದೆ. 'ಸಣ್ಣದು, ನೋವಾಗಲ್ಲ' ಎಂದು 27 ಅಥವಾ 30 ಗೇಜಿನ ಕ್ಯಾನ್ಯುಲಾ ಹಿಡಿದವರು ಸೂಜಿಯ ಅಪಾಯವನ್ನೂ ಕ್ಯಾನ್ಯುಲಾದ ಮಬ್ಬು ಸ್ಪರ್ಶವನ್ನೂ ಒಟ್ಟಿಗೆ ಕೊಂಡಂತೆ.

25 ಗೇಜ್, 38 ಅಥವಾ 40 ಮಿ.ಮೀ. ಉದ್ದದ್ದು ಸಾಕು. ಪ್ರವೇಶಕ್ಕೆ ಕಣ್ಣಿನ ಹೊರಮೂಲೆಯಿಂದ ಇಳಿಬಿಟ್ಟ ಗೆರೆಯ ಮೇಲೆ, ಕಣ್ಣುಗೂಡಿನ ಅಂಚಿನಿಂದ 1–1.5 ಸೆಂ.ಮೀ. ಕೆಳಗೆ, ಕಾಣುವ ಸಿರೆಗಳನ್ನು ಬಿಟ್ಟು ಒಂದು ಬಿಂದು. ಅಲ್ಲಿ ಮರಗಟ್ಟಿಸುವ ಲಿಗ್ನೋಕೇನ್ 0.05 ಮಿ.ಲೀ.ಯಷ್ಟು ಗುಳ್ಳೆ ಎಬ್ಬಿಸಿ. ಹೆಚ್ಚು ಹಾಕಿದರೆ ಗುಳಿಯ ಆಕಾರವೇ ಬದಲಾಗಿ ಕಣ್ಣಳತೆ ಕೆಡುತ್ತದೆ. 23 ಗೇಜ್ ಸೂಜಿಯಿಂದ ದಾರಿ ಮಾಡಿ, ಕ್ಯಾನ್ಯುಲಾದ ತುದಿಯನ್ನು ಮೊದಲು ಎಲುಬಿನ ಕಡೆಗೆ ಇಳಿಸಿ, ಆಮೇಲೆ ಮಲಗಿಸಿ ಮೂಗಿನ ಕಡೆಗೆ ಸರಿಸಿ. ಎಡಗೈ ತೋರುಬೆರಳು ಪೂರ್ತಿ ಹೊತ್ತು ಕಣ್ಣುಗೂಡಿನ ಅಂಚಿನ ಮೇಲೇ ಇರಲಿ. ಅದು ಕಣ್ಣುಗುಡ್ಡೆಗೆ ಬೇಲಿ, ಜೆಲ್ ಸೆಪ್ಟಮ್ಮಿನಾಚೆ ಹೋಗದಂತೆ ತಡೆ, ತುದಿ ಎಲ್ಲಿದೆ ಎಂದು ಹೇಳುವ ಕಣ್ಣು ಕೂಡ.

ಆಳ ಸರಿಯಾಗಿದೆಯೋ ಎಂದು ತಿಳಿಯಲು ತುದಿಯನ್ನು ಕೂದಲೆಳೆಯಷ್ಟು ಮೇಲಕ್ಕೆತ್ತಿ. ಲೋಹದ ಆಕಾರ ಚರ್ಮದಲ್ಲಿ ಬರೆದಂತೆ ಮೂಡಿದರೆ ಸ್ನಾಯುವಿನ ಮೇಲಿದ್ದೀರಿ, ಹಿಂದಕ್ಕೆ ಬಂದು ಮತ್ತೆ ಆಳಕ್ಕಿಳಿಯಿರಿ. ಚರ್ಮ-ಸ್ನಾಯು ಎಲ್ಲ ಸೇರಿ ದಪ್ಪ ಕಂಬಳಿಯಂತೆ ಒಟ್ಟಿಗೆ ಎದ್ದರೆ ಜಾಗ ಸರಿ. ತಡೆ ಸಿಕ್ಕಲ್ಲಿ ನೂಕಬೇಡಿ. ಒಂದು ಮಿಲಿಮೀಟರ್ ಹಿಂದೆ ಬಂದು ಕೋನ ಬದಲಿಸಿ. ತಟ್ಟನೆ ಚುರುಕ್ಕೆಂಬ ನೋವು ಬಂದರೆ, ಅಥವಾ ಮೇಲ್ದುಟಿಯವರೆಗೆ ಜುಮ್ಮೆಂದರೆ, ನರದ ಹತ್ತಿರವಿದ್ದೀರಿ.

ಜೆಲ್ ಬಿಡುವುದು ಯಾವಾಗಲೂ ಕ್ಯಾನ್ಯುಲಾ ಹಿಂದಕ್ಕೆ ಬರುವಾಗ. ಒಂದು ಸಲಕ್ಕೆ 0.02–0.05 ಮಿ.ಲೀ. ಎಳೆಯಂತೆಯೂ ಬಿಡಬಹುದು, ಸಣ್ಣ ತೊಟ್ಟುಗಳಾಗಿಯೂ ಇಡಬಹುದು. ಇಕ್ಕಟ್ಟಿನ ಒಳಭಾಗದಲ್ಲಿ ತೊಟ್ಟೇ ವಾಸಿ, ಎಳೆ ಬಿಟ್ಟರೆ ಎರೆಹುಳದಂತೆ ಗೆರೆ ಮೂಡುವುದುಂಟು. ಕೊನೆಯ ಮೂಗಿನ ಮೂಲೆಗೆ ಕ್ಯಾನ್ಯುಲಾ ತಲುಪದಿದ್ದರೆ ಅಲ್ಲಿಗೊಂದು 0.02 ಮಿ.ಲೀ. ಸೂಜಿಯಿಂದ ಇಡುವವರಿದ್ದಾರೆ. ಅನುಭವಿಗಳಿಗೆ ಅದು ಸರಿ, ಹೊಸಬರು ಆ ಮೂಲೆಯನ್ನು ಖಾಲಿ ಬಿಡಿ.

ಯಾವ ದಾರಿಯಾದರೂ ಒಂದು ಕಣ್ಣಿಗೆ ಒಟ್ಟು 0.2–0.4 ಮಿ.ಲೀ., ಅಪರೂಪಕ್ಕೆ 0.5. ಒಂದು ಮಿ.ಲೀ. ಸಿರಿಂಜ್ ಎರಡೂ ಕಣ್ಣಿಗೆ ಸಾಕಾಗಿ ಮಿಗಬೇಕು. ಗುಳಿ ಮುಕ್ಕಾಲು ಭಾಗ ಮುಚ್ಚಿದೊಡನೆ ಕೈ ನಿಲ್ಲಿಸಿ. ಜೆಲ್ ಮುಂದಿನ ವಾರಗಳಲ್ಲಿ ನೀರು ಹೀರಿ ಉಳಿದ ಜಾಗವನ್ನು ತಾನೇ ತುಂಬಿಕೊಳ್ಳುತ್ತದೆ. ಕನ್ನಡಿ ನೋಡಿದ ರೋಗಿ 'ಇನ್ನೊಂಚೂರು ಹಾಕಿ' ಅನ್ನುವುದು ಖಂಡಿತ. ಹಾಕಬೇಡಿ.

ಸಿದ್ಧತೆಯ ಎರಡು ಮಾತು

ಗುರುತು ಹಾಕುವುದು ರೋಗಿ ಕೂತಿರುವಾಗ, ಮರಗಟ್ಟಿಸುವ ಮುಲಾಮು ಹಚ್ಚುವ ಮೊದಲು. ಚುಚ್ಚುವಾಗಲೂ ಕುರ್ಚಿ 45–60 ಡಿಗ್ರಿಯಲ್ಲಿರಲಿ. ಚರ್ಮ ಶುದ್ಧಿಗೆ ಕ್ಲೋರ್‌ಹೆಕ್ಸಿಡಿನ್ ಬೇಡ, ಕಣ್ಣಿಗೆ ಇಳಿದರೆ ಕಾರ್ನಿಯಾ ಸುಡುತ್ತದೆ. ಪೊವಿಡೋನ್ ಅಯೋಡಿನ್ ಬಳಸಿ. ಕಾಡಿಗೆ, ಮೇಕಪ್ ಪೂರ್ತಿ ಒರೆಸಿ ಆಮೇಲೆ ಒಮ್ಮೆ, ಕ್ಯಾನ್ಯುಲಾ ಹಾಕುವ ಮುಂಚೆ ಇನ್ನೊಮ್ಮೆ.

ಮೀನೆಣ್ಣೆ, ವಿಟಮಿನ್ ಇ, ನೋವಿನ ಮಾತ್ರೆಗಳನ್ನು ಒಂದು ವಾರ ಮುಂಚೆ ಬಿಡಿಸಿ. ಹೃದಯಕ್ಕೆಂದು ವೈದ್ಯರು ಬರೆದುಕೊಟ್ಟ ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ಗಳನ್ನು ಮಾತ್ರ ಚಂದಕ್ಕಾಗಿ ನಿಲ್ಲಿಸಬಾರದು. ಹಲ್ಲಿನ ಚಿಕಿತ್ಸೆಗೂ ಇದಕ್ಕೂ ಎರಡು ವಾರ ಅಂತರವಿರಲಿ. ಗರ್ಭಿಣಿಯರಿಗೆ ಬೇಡ, ಮುಖದಲ್ಲಿ ಸೋಂಕಿದ್ದವರಿಗೆ ಈಗ ಬೇಡ. ಮದುವೆಗೆ ಹತ್ತು ದಿನವಿದೆ ಎಂದು ಬಂದವರನ್ನು ಹಾಗೇ ಕಳಿಸಿ. ನೀಲಿಗಟ್ಟು ಇಳಿಯಲು ಹತ್ತು ದಿನ ಬೇಕಾಗಬಹುದು, ತಪ್ಪಾದರೆ ತಿದ್ದಲು ನಾಲ್ಕು ವಾರ.

ಏನು ಕೆಡುತ್ತದೆ, ಏಕೆ

ನೀಲಿ ಛಾಯೆ. ಜೆಲ್ ಚರ್ಮದ ಹತ್ತಿರ ಕೂತಾಗ ಬೆಳಕು ಅದರಲ್ಲಿ ಚದುರಿ ಬೂದು-ನೀಲಿಯಾಗಿ ಕಾಣುತ್ತದೆ, ಇದಕ್ಕೆ ಟಿಂಡಾಲ್ ಎನ್ನುತ್ತಾರೆ. ನೀಲಿಗಟ್ಟಿದ್ದು ಎಂದು ಭಾವಿಸಿ ವಾರಗಟ್ಟಲೆ ಕಾಯುವವರಿದ್ದಾರೆ. ನೀಲಿಗಟ್ಟು ಹಸಿರಾಗಿ ಹಳದಿಯಾಗಿ ಹೋಗುತ್ತದೆ, ಟಿಂಡಾಲ್ ಬಣ್ಣ ಬದಲಿಸುವುದಿಲ್ಲ.

ಗಂಟು, ಏರುತಗ್ಗು. ಮೊದಲ ಎರಡು ವಾರ ಊತವೇ ಹೀಗೆ ತೋರಿಸಬಹುದು. ಆಮೇಲೂ ಉಳಿದರೆ ಒಂದೇ ಜಾಗದಲ್ಲಿ ಹೆಚ್ಚು ಹಾಕಿದ್ದೀರಿ, ಇಲ್ಲವೇ ಮೇಲೆ ಹಾಕಿದ್ದೀರಿ. ಹಾಕಿದ ತಕ್ಷಣ ಕಂಡ ಗಂಟನ್ನು ಹತ್ತಿತುದಿಯಿಂದ ಎಲುಬಿನ ಮೇಲೆ ಮೆತ್ತಗೆ ಒತ್ತಿ ಹರಡಬಹುದು. ತಿಂಗಳ ಮೇಲೆ ಉಜ್ಜಿದರೆ ಪ್ರಯೋಜನವಿಲ್ಲ.

ಕೆನ್ನೆಯ ಮೇಲ್ಭಾಗದ ಊತ. ಕಣ್ಣುಗೂಡಿನ ಅಂಚಿನಿಂದ ಕೆನ್ನೆಯ ಚರ್ಮಕ್ಕೆ ಇಳಿಯುವ ಮೇಲಾರ್ ಸೆಪ್ಟಮ್ ಎಂಬ ಪರದೆಯಿದೆ. ಅದರ ಮೇಲ್ಭಾಗದಲ್ಲಿ ನಿಂತ ನೀರು ಕೆಳಕ್ಕೆ ಇಳಿಯುವುದಿಲ್ಲ. ಜೆಲ್ ಮೇಲಿನ ಪದರದಲ್ಲಿ ಕೂತು ದುಗ್ಧನಾಳಗಳನ್ನು ಅದುಮಿದರೆ, ಅಥವಾ ತಾನೇ ನೀರು ಹೀರಿ ಉಬ್ಬಿದರೆ, ಚೀಲ ನಿಲ್ಲುತ್ತದೆ. ಮಸಾಜು, ನೀರಿನಂಶ ಇಳಿಸುವ ಮಾತ್ರೆ ಎಂದು ಕಾಲ ಕಳೆಯುವ ಬದಲು ಕರಗಿಸುವುದು ಮೇಲು.

ಮೂರಕ್ಕೂ ಕರಗಿಸುವ ಮದ್ದು ಒಂದೇ, ಹೈಯಲುರಾನಿಡೇಸ್. ಇಲ್ಲಿ ಲೆಕ್ಕ ತಪ್ಪುವವರು ಬಹಳ, ಬಿಡಿಸಿ ಹೇಳುತ್ತೇವೆ. 1500 ಯೂನಿಟ್‌ನ ವಯಲ್‌ಗೆ 10 ಮಿ.ಲೀ. ಸಲೈನ್ ಬೆರೆಸಿದರೆ ಪ್ರತಿ ಮಿ.ಲೀ.ಯಲ್ಲಿ 150 ಯೂನಿಟ್. 100 ಗುರುತಿನ ಇನ್ಸುಲಿನ್ ಸಿರಿಂಜಿನಲ್ಲಿ ಒಂದು ಗೆರೆ 0.01 ಮಿ.ಲೀ., ಅಂದರೆ 1.5 ಯೂನಿಟ್. ನಮ್ಮಲ್ಲಿ ಮೆಡಿಕಲ್ ಶಾಪಿನಲ್ಲಿ ಹೆಚ್ಚಾಗಿ ಸಿಗುವ 40 ಗುರುತಿನ ಸಿರಿಂಜಿನಲ್ಲಾದರೆ ಒಂದು ಗುರುತು 0.025 ಮಿ.ಲೀ., ಅಂದರೆ 3.75 ಯೂನಿಟ್. ಸಿರಿಂಜಿನ ಮೇಲೆ ಬರೆದ 'ಯೂನಿಟ್' ಇನ್ಸುಲಿನ್ನಿನದು, ಹೈಯಲುರಾನಿಡೇಸಿನದಲ್ಲ. ಸಣ್ಣ ಗಂಟಿಗೆ, ಟಿಂಡಾಲ್‌ಗೆ 10–15 ಯೂನಿಟ್‌ನಿಂದ ಶುರು ಮಾಡಿ, ಎರಡು ವಾರ ಬಿಟ್ಟು ನೋಡಿ ಮತ್ತೆ. ಜೇನುಹುಳು ಕಚ್ಚಿ ಜೋರು ಅಲರ್ಜಿ ಆಗಿದ್ದವರಲ್ಲಿ ಎಚ್ಚರ ಬೇಕು. ತುರ್ತಿಲ್ಲದಾಗ ತೋಳಿನ ಚರ್ಮದಲ್ಲಿ 3 ಯೂನಿಟ್ ಹಾಕಿ, ಅರ್ಧ ಗಂಟೆ ಕಾದು, ದದ್ದು ಏಳದಿದ್ದರೆ ಮುಂದುವರಿಯಿರಿ.

ರಕ್ತನಾಳ ಮುಚ್ಚಿದಾಗ ಈ ಸಣ್ಣ ಲೆಕ್ಕ ನಡೆಯುವುದಿಲ್ಲ. ಚರ್ಮ ತಟ್ಟನೆ ಬಿಳಿಚಿಕೊಳ್ಳುವುದು, ಆಮೇಲೆ ಬಲೆಬಲೆಯಾಗಿ ನೇರಳೆ ಮೂಡುವುದು, ಪ್ರಮಾಣ ಮೀರಿದ ನೋವು, ಒತ್ತಿ ಬಿಟ್ಟ ಜಾಗಕ್ಕೆ 3 ಸೆಕೆಂಡ್ ಕಳೆದರೂ ರಕ್ತ ಮರಳದಿರುವುದು, ಇವುಗಳಲ್ಲಿ ಒಂದು ಕಂಡರೂ ನಿಲ್ಲಿಸಿ. ಜೆಲ್‌ನಲ್ಲೇ ಲಿಗ್ನೋಕೇನ್ ಇರುವುದರಿಂದ ನೋವಿಲ್ಲದೆಯೂ ಆಗಬಹುದು. ಬಿಳಿಚುವಿಕೆ ಗುಳಿಯ ಹತ್ತಿರವೇ ಇರಬೇಕೆಂದೂ ಇಲ್ಲ, ಮೂಗು, ಮೇಲ್ದುಟಿ ನೋಡಿ. ಇಲ್ಲಿ ವಯಲ್‌ಗೆ 3 ಮಿ.ಲೀ. ಮಾತ್ರ ಬೆರೆಸಿ, ಮಿ.ಲೀ.ಗೆ 500 ಯೂನಿಟ್. ಬಾಧಿತ ಚರ್ಮದುದ್ದಕ್ಕೂ ಒಂದು ಸುತ್ತಿಗೆ ಕನಿಷ್ಠ 500 ಯೂನಿಟ್ ಹರಡಿ, ಒತ್ತಿ ತೀಡಿ. ಪ್ರತಿ ಗಂಟೆಗೊಮ್ಮೆ ರಕ್ತ ಮರಳುವುದನ್ನು ನೋಡಿ, ಮರಳುವವರೆಗೆ ಮತ್ತೆ ಹಾಕಿ. ಚರ್ಮಪರೀಕ್ಷೆಗೆ ಕಾಯುವ ಹೊತ್ತು ಇದಲ್ಲ. ಇದಕ್ಕಾಗಿಯೇ ಕ್ಲಿನಿಕ್ಕಿನಲ್ಲಿ ಮೂರು ವಯಲ್‌ಗಿಂತ ಕಡಿಮೆ ಇರುವ ದಿನ ಕಣ್ಣ ಕೆಳಗಿನ ಕೆಲಸ ಹಿಡಿಯಬೇಡಿ, ದಿನಾಂಕ ಮೀರಿದ್ದನ್ನು ಎಣಿಸಬೇಡಿ.

ಕಣ್ಣು ಮಂಜಾಯಿತು, ಕಣ್ಣಿನ ಹಿಂದೆ ನೋವು, ರೆಪ್ಪೆ ಜೋತುಬಿತ್ತು ಎಂದರೆ ಗಡಿಯಾರ ನೋಡಿ ಬರೆದುಕೊಳ್ಳಿ. ಒಂದು ಕಣ್ಣು ಮುಚ್ಚಿಸಿ ಬೆರಳು ಎಣಿಸಲು ಹೇಳಿ, ಆಮೇಲೆ ಇನ್ನೊಂದು. ಮಲಗಿಸಿ. ಒಬ್ಬರು ಕಣ್ಣಾಸ್ಪತ್ರೆಗೆ ಫೋನ್ ಮಾಡಿ ಗಾಡಿ ತರಿಸುವಷ್ಟರಲ್ಲಿ, ಇನ್ನೊಬ್ಬರು ಹಾಕಿದ ಜಾಗಕ್ಕೆ ಹೆಚ್ಚು ಪ್ರಮಾಣದ ಹೈಯಲುರಾನಿಡೇಸ್, ಕಣ್ಣಿನ ಒತ್ತಡ ಇಳಿಸಲು ಟಿಮೊಲಾಲ್ 0.5% ಒಂದು ತೊಟ್ಟು, ಸಲ್ಫಾ ಅಲರ್ಜಿ ಇಲ್ಲದಿದ್ದರೆ ಅಸೆಟಜೋಲಮೈಡ್ 500 ಮಿ.ಗ್ರಾಂ., ಮುಚ್ಚಿದ ರೆಪ್ಪೆಯ ಮೇಲೆ ಒತ್ತಿ-ಬಿಟ್ಟು ಮಸಾಜು. ಟಿಮೊಲಾಲ್ ಕೊಡುವ ಮುಂಚೆ ಉಬ್ಬಸ ಇದೆಯೇ ಎಂದು ಒಂದು ಮಾತು ಕೇಳಿ. ಇವು ಯಾವುವೂ ಹೊರಡುವುದನ್ನು ತಡ ಮಾಡಬಾರದು. ರೆಟಿನಾ ನಿಮಿಷಗಳ ಲೆಕ್ಕದಲ್ಲಿ ಸಾಯುತ್ತದೆ, ಹೋದ ದೃಷ್ಟಿ ಮರಳುವುದು ಅಪರೂಪ. ಹತ್ತಿರದ ರೆಟಿನಾ ತಜ್ಞರ ನಂಬರು ಗೋಡೆಯ ಮೇಲಿರಲಿ, ಮೊಬೈಲಿನಲ್ಲಿ ಹುಡುಕುವಂತಿರಬಾರದು. ಒಪ್ಪಿಗೆ ಪತ್ರದಲ್ಲಿ 'ದೃಷ್ಟಿ ಹೋಗಬಹುದು' ಎಂಬ ಸಾಲು ಕನ್ನಡದಲ್ಲಿರಲಿ, ಓದಿ ಹೇಳಿ.

ಮನೆಗೆ ಕಳಿಸುವಾಗ

ಒಂದು ದಿನ ಕಾಡಿಗೆ, ಮೇಕಪ್ ಇಲ್ಲ. ಎರಡು ದಿನ ವ್ಯಾಯಾಮ, ಎಣ್ಣೆಸ್ನಾನದ ಬಿಸಿನೀರು, ಶೀರ್ಷಾಸನ ಇಲ್ಲ. ಪಾರ್ಲರಿನ ಫೇಶಿಯಲ್ ಎರಡು ವಾರ ಇಲ್ಲ. ದಿನವೂ ಸ್ಕೂಟರಿನಲ್ಲಿ ಓಡಾಡುವವರಿಗೆ ಕೆನ್ನೆ ಅಮುಕುವ ಬಿಗಿ ಹೆಲ್ಮೆಟ್ಟಿನ ಬಗ್ಗೆ, ಭಾರದ ಕನ್ನಡಕ ಹಾಕುವವರಿಗೆ ಅದರ ಅಂಚು ಎಲ್ಲಿ ಕೂರುತ್ತದೆ ಎಂಬ ಬಗ್ಗೆ ಹೇಳಿ. ಹೆಲ್ಮೆಟ್ ಬಿಡಿ ಎಂದಲ್ಲ, ಎರಡು ದಿನ ಬಸ್ಸು ಹಿಡಿಯಿರಿ ಎಂದು. ಮೊದಲ ದಿನ ಸಂಜೆ ನೀವೇ ಫೋನ್ ಮಾಡಿ, ಚರ್ಮದ ಬಣ್ಣ ಕೇಳಿ, ಬೆಳಕಿನಲ್ಲಿ ತೆಗೆದ ಫೋಟೋ ತರಿಸಿಕೊಳ್ಳಿ.

ನಾಲ್ಕು ವಾರಕ್ಕೆ ಮೊದಲಿನ ಅದೇ ಬೆಳಕು, ಅದೇ ಕೋನದ ಫೋಟೋ. ಕಡಿಮೆಯಾಗಿದ್ದರೆ ಆಗ ಒಂದು ಕಣ್ಣಿಗೆ 0.1 ಮಿ.ಲೀ.ವರೆಗೆ ಸೇರಿಸಬಹುದು. ವರ್ಷಕ್ಕೊಮ್ಮೆ ತುಂಬಿಸಬೇಕು ಎಂಬ ಪ್ಯಾಕೇಜು ಮಾತ್ರ ಮಾರಬೇಡಿ. ಈ ಜಾಗದಲ್ಲಿ ಜೆಲ್ ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಬಹಳ ಕಾಲ ಉಳಿಯುವುದುಂಟು, ಎಂಆರ್‌ಐಯಲ್ಲಿ ವರ್ಷಗಳ ನಂತರವೂ ಕಂಡಿದೆ. ಬೇರೆಡೆ ಮಾಡಿಸಿಕೊಂಡು ಬಂದವರು 'ಎಲ್ಲ ಕರಗಿದೆ, ಮತ್ತೆ ಹಾಕಿ' ಎಂದರೆ ಬೆರಳಿನಿಂದ ಒತ್ತಿ ನೋಡಿ, ಸಾಧ್ಯವಾದರೆ ಅಲ್ಟ್ರಾಸೌಂಡ್ ಹಿಡಿದು ನೋಡಿ. ಹಳೆಯದು ಅಲ್ಲೇ ಇದ್ದು ನೀರು ತುಂಬಿಕೊಂಡಿದ್ದರೆ ಮೊದಲು ಅದನ್ನು ಕರಗಿಸಿ, ಎರಡು ವಾರ ಬಿಟ್ಟು ಖಾಲಿ ಗುಳಿಯನ್ನು ಟಾರ್ಚಿನ ಬೆಳಕಿನಲ್ಲಿ ಹೊಸದಾಗಿ ಪರೀಕ್ಷಿಸಿ. ಸಿರಿಂಜಿನ ಡಬ್ಬಿಯ ಬ್ಯಾಚ್ ಸ್ಟಿಕರ್ ಎರಡಿರುತ್ತದೆ: ಒಂದು ನಿಮ್ಮ ಕಡತಕ್ಕೆ, ಇನ್ನೊಂದು ರೋಗಿಯ ಕೈಗೆ.